ಅಂಕಲಿಯ ಫ್ರಿಜ್ಜು ಮತ್ತು ಕ್ಲಾರೆನ್ಸ್ ಬರ್ಡ್ಸ್‌ಐ

ಹೋದ ದೀಪಾವಳಿ ರಜೆಯಲ್ಲಿ ನಾವು ಮೂವರು ಅಂಕಲಿಗೆ ಹೋಗಿದ್ವಿ. ಮೂವರದೂ ಒಂದೇ ರೂಮು, ಒಂದೇ ಬ್ರಾಂಚು, ಥರ್ಮೋದಲ್ಲಿ ಹೆಚ್ಚುಕಡಿಮೆ ಒಂದೇ ಮಾರ್ಕ್ಸು. ಅಂಕಲಿ ನಮ್ಮಲ್ಲೊಬ್ಬನ ಊರು. ಚಿಕ್ಕೋಡಿ ತಾಲೂಕು, ಕೃಷ್ಣಾ ನದಿ ಸೀಮೆ, ಎತ್ತ ನೋಡಿದ್ರೂ ಕಬ್ಬು. ಅಲ್ಲಿ ಅವನ ಕಾಕಾ ಅವರದು ಒಂದು ಕಿರಾಣಿ ಅಂಗಡಿ ಇದೆ. ಕಾಕಾ ಸಾಲ ಮಾಡಿ ಒಂದು ಡೀಪ್ ಫ್ರೀಜರ್ ತಗೊಂಡು ಬಟಾಣಿ, ಫ್ರೆಂಚ್ ಫ್ರೈಸ್, ವೆಜ್ ಬರ್ಗರ್ ಪ್ಯಾಟಿ ಇಂಥವನ್ನ ಮಾರಬೇಕು ಅಂತ ಯೋಚನೆ ಮಾಡ್ತಿದ್ರು. ಊರಿನ ಹುಡುಗರು ಮೊಬೈಲ್‌ನಲ್ಲಿ ನೋಡಿ ನೋಡಿ ಬರ್ಗರ್ ಕೇಳ್ತಾರೆ, ಅದಕ್ಕೆ ಮಿರಜ್‌ಗೋ ಬೆಳಗಾವಿಗೋ ಯಾಕೆ ಹೋಗಬೇಕು ಅನ್ನೋದು ಅವರ ಲೆಕ್ಕ. ಇಂಜಿನಿಯರಿಂಗ್ ಹುಡುಗರು ಬರ್ತಿದ್ದಾರೆ ಅಂತ ಗೊತ್ತಾದ ಮೇಲೆ, ಬರುವಾಗ ಬೆಳಗಾವಿಯಿಂದ ಸ್ಯಾಂಪಲ್‌ಗೆ ಎರಡು ಪ್ಯಾಕೆಟ್ ತನ್ನಿ, ಮಾಡಿ ತೋರಿಸಿ, ಫ್ರೀಜರ್ ತಗೊಳ್ಳಬೇಕೋ ಬೇಡವೋ ನೀವೇ ಹೇಳಿ ಅಂದಿದ್ರು.

ತಂದ್ವಿ. ಅಂಗಡಿಯಲ್ಲಿ ಕಲ್ಲಿನ ಹಾಗಿದ್ದ ಪ್ಯಾಕೆಟ್ಟು, ಟವೆಲ್ ಸುತ್ತಿ ಬ್ಯಾಗಿನಲ್ಲಿಟ್ಟಿದ್ರೂ, ಎರಡು ಬಸ್ ಬದಲಾಯಿಸಿ ಅಂಕಲಿ ಮುಟ್ಟೋ ಹೊತ್ತಿಗೆ ಮೆತ್ತಗಾಗಿತ್ತು. ಹೋದವರೇ ಫ್ರಿಜ್ಜಿನ ಮೇಲಿನ ಖಾನೆಗೆ ತುರುಕಿದ್ವಿ. ರಾತ್ರಿ ಕರೆಂಟ್ ಹೋಯ್ತು, ಬೆಳಗಿನ ಜಾವ ಬಂತು. ಮರುದಿನ ಹಂಚಿನ ಮೇಲೆ ಹಾಕಿದಾಗ ಪ್ಯಾಟಿ ನೀರು ಬಿಟ್ಟು, ಎಣ್ಣೆ ಚಟಪಟ ಸಿಡಿದು, ಮಗುಚೋಕೆ ಹೋದರೆ ಅರ್ಧ ಹಂಚಿಗೇ ಅಂಟಿಕೊಂಡು, ಕೊನೆಗೆ ಉಳಿದದ್ದು ಆಲೂ ಪಲ್ಯಕ್ಕೂ ಉಪ್ಪಿಟ್ಟಿಗೂ ನಡುವಿನ ಏನೋ ಒಂದು. ಆಯಿ ಅದನ್ನ ಬಟ್ಟಲಿಗೆ ಹಾಕಿಕೊಂಡು, ಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ರೊಟ್ಟಿ ಜೊತೆ ತಿಂದು ಮುಗಿಸಿದ್ರು. ಕಾಕಾ ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದೇ ನಮಗೆ ಜಾಸ್ತಿ ಚುಚ್ಚಿತು.

ಎಲ್ಲಿ ತಪ್ಪಾಯ್ತು ಅಂತ ಹುಡುಕೋಕೆ ಕೂತಾಗ ಸಿಕ್ಕವನು ಕ್ಲಾರೆನ್ಸ್ ಬರ್ಡ್ಸ್‌ಐ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಫ್ರೋಜನ್ ಬಟಾಣಿ ಪ್ಯಾಕೆಟ್ ಮೇಲೆ ಇವತ್ತಿಗೂ ಅವನ ಹೆಸರಿದೆ. ಅದು ಒಬ್ಬ ಮನುಷ್ಯನ ಹೆಸರು ಅಂತ ನಮಗೆ ಗೊತ್ತಿರಲಿಲ್ಲ, ಹಕ್ಕಿಯ ಕಣ್ಣು ಅಂತ ಯಾವುದೋ ಕಂಪನಿ ಚಂದಕ್ಕೆ ಇಟ್ಟುಕೊಂಡಿರಬೇಕು ಅಂದುಕೊಂಡಿದ್ವಿ.

ಬರ್ಡ್ಸ್‌ಐ ಹುಟ್ಟಿದ್ದು 1886ರ ಡಿಸೆಂಬರ್ 9ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಚಿಕ್ಕಂದಿನಿಂದ ಹುಳ, ಹಕ್ಕಿ, ಪ್ರಾಣಿ ಅಂದ್ರೆ ಹುಚ್ಚು. ಸತ್ತ ಪ್ರಾಣಿಯ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸೋ ಕೆಲಸವನ್ನ ತಾನೇ ಕಲಿತುಕೊಂಡಿದ್ದ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದ ಮೇಲೆ ಗೆಳೆಯರು ಅವನನ್ನ ಕರೀತಿದ್ದದ್ದೇ ಬಗ್ಸ್ ಅಂತ, ಅಂದ್ರೆ ಹುಳಗಳು. ಹಾಸ್ಟೆಲ್ ಹೆಸರುಗಳು ಎಲ್ಲ ಕಾಲದಲ್ಲೂ ಹೀಗೇ ಇರ್ತವೆ ಅನ್ಸುತ್ತೆ.

ಕಾಲೇಜಿನ ಭಾಗ ಓದುವಾಗ ನಾವು ಮೂವರೂ ಸುಮ್ಮನಾದ್ವಿ. ಮನೆಯ ದುಡ್ಡಿನ ಪರಿಸ್ಥಿತಿ ಹದಗೆಟ್ಟಿತು, ಖರ್ಚು ತೂಗಿಸೋಕೆ ಅವನು ಕಪ್ಪೆ ಹಿಡಿದು ಬ್ರಾಂಕ್ಸ್ ಝೂಗೆ ಮಾರಿದ, ಅಲ್ಲಿನ ಹಾವುಗಳಿಗೆ ಆಹಾರ. ಅಪರೂಪದ ಕರಿ ಇಲಿ ಹಿಡಿದು ಕೊಲಂಬಿಯಾ ಯೂನಿವರ್ಸಿಟಿಯ ಒಬ್ಬ ಜೆನೆಟಿಕ್ಸ್ ವಿಜ್ಞಾನಿಗೆ ಮಾರಿದ. ಅಷ್ಟಾದ್ರೂ ಸಾಕಾಗಲಿಲ್ಲ. 1908ರಲ್ಲಿ, ಎರಡನೇ ವರ್ಷಕ್ಕೆ, ಕಾಲೇಜು ಬಿಟ್ಟ. ಡಿಗ್ರಿ ಮುಗಿಸೋಕೆ ಆಗಲೇ ಇಲ್ಲ. ನಾವೂ ಎರಡನೇ ವರ್ಷದವರು. ಫೀಸ್ ಕಟ್ಟೋ ತಿಂಗಳಲ್ಲಿ ಮನೆಗೆ ಫೋನ್ ಮಾಡೋಕೆ ಮುಂಚೆ ಹತ್ತು ಸಲ ಯೋಚಿಸೋರು ನಮ್ಮ ಫ್ಲೋರಿನಲ್ಲೇ ಎಷ್ಟು ಜನ ಇದ್ದಾರೆ ಅಂತ ನಮಗೆ ಗೊತ್ತು.

ಆಮೇಲೆ ಸರ್ಕಾರಿ ಕೆಲಸ. ಅಮೆರಿಕದ ಬಯಾಲಾಜಿಕಲ್ ಸರ್ವೆಗೆ ಸಹಾಯಕನಾಗಿ ನ್ಯೂ ಮೆಕ್ಸಿಕೊ, ಅರಿಜೋನಾದ ಬಯಲಿನಲ್ಲಿ ಪ್ರಾಣಿಗಳ ಲೆಕ್ಕ. ಆಮೇಲೆ ಮೊಂಟಾನಾದಲ್ಲಿ, ಉಣ್ಣೆಹುಳ ಕಚ್ಚಿ ಬರೋ ಒಂದು ಭಯಂಕರ ಜ್ವರದ ಸಂಶೋಧನೆ. ಕಾಡುಪ್ರಾಣಿಗಳನ್ನ ಹಿಡಿದು ಅವುಗಳ ಮೈಮೇಲಿನ ಉಣ್ಣೆ ಕಿತ್ತು ತರೋದು ಅವನ ಪಾಲಿನ ಕೆಲಸ. ಆ ಜ್ವರಕ್ಕೆ ಆಗ ಔಷಧ ಇರಲಿಲ್ಲ.

ಕಥೆ ನಿಜವಾಗಿ ಶುರುವಾಗೋದು 1912ರಲ್ಲಿ. ಕೆನಡಾದ ಈಶಾನ್ಯ ಮೂಲೆಯ ಲ್ಯಾಬ್ರಡಾರ್‌ಗೆ ಅವನು ಹೋದ. ವಿಲ್ಫ್ರೆಡ್ ಗ್ರೆನ್‌ಫೆಲ್ ಅನ್ನೋ ಡಾಕ್ಟರ ಮೆಡಿಕಲ್ ಮಿಷನ್ ಜೊತೆ ಹೋದವನು, ನರಿ ಸಾಕಿ ಅದರ ತುಪ್ಪಳದ ವ್ಯಾಪಾರ ಮಾಡೋಣ ಅಂತ ಅಲ್ಲೇ ನಿಂತುಬಿಟ್ಟ. 1915ರಲ್ಲಿ ಎಲಿನಾರ್ ಗ್ಯಾರೆಟ್ ಎಂಬಾಕೆಯ ಜೊತೆ ಮದುವೆ ಆಯ್ತು. ಮಗು ಹುಟ್ಟಿದ ಮೇಲೆ ಹೆಂಡತಿ, ಕೂಸು ಇಬ್ಬರನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಎಳೆ ಕೂಸು ಕಟ್ಟಿಕೊಂಡು ಆ ಚಳಿಗೆ ಹೋದಳಾ ಅಂತ ಆಯಿ ಮೂರು ಸಲ ಕೇಳಿದ್ರು. ಈ ಇಡೀ ಕಥೆಯಲ್ಲಿ ಅವರಿಗೆ ಹಿಡಿಸಿದ್ದು ಎಲಿನಾರ್ ಒಬ್ಬಳೇ.

ಅಲ್ಲಿ ಊಟದ್ದೇ ದೊಡ್ಡ ಸಮಸ್ಯೆ. ಚಳಿಗಾಲದಲ್ಲಿ ತಾಜಾ ಅನ್ನೋದು ಏನೂ ಸಿಗೋದಿಲ್ಲ. ಆದ್ರೆ ಅಲ್ಲಿನ ಇನುಯಿಟ್ ಜನ ಹಿಮದಲ್ಲಿ ತೂತು ಕೊರೆದು ಮೀನು ಹಿಡಿದು ಮೇಲೆ ಎಳೆದರೆ, ಮೈನಸ್ 40 ಡಿಗ್ರಿ ಗಾಳಿಗೆ ಆ ಮೀನು ನೋಡ್ತಾ ನೋಡ್ತಾ ಹೆಪ್ಪುಗಟ್ಟುತ್ತಿತ್ತು. (ಮೈನಸ್ 40 ಅಂದ್ರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಕಾಗಿಲ್ಲ, ಎರಡೂ ಸ್ಕೇಲು ಸೇರೋದು ಅದೊಂದೇ ಜಾಗದಲ್ಲಿ.) ಅದನ್ನ ತಿಂಗಳುಗಟ್ಟಲೆ ಬಿಟ್ಟು ಬೇಯಿಸಿದ್ರೂ ಅವತ್ತು ಹಿಡಿದ ಮೀನಿನ ರುಚಿ. ಬರ್ಡ್ಸ್‌ಐ ಗಮನಿಸಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ನಡು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಾಂಸ ಚೆನ್ನಾಗಿರುತ್ತೆ, ಚಳಿ ಕಡಿಮೆ ಇರೋ ವಸಂತದಲ್ಲೋ ಶರತ್ಕಾಲದಲ್ಲೋ ಹೆಪ್ಪುಗಟ್ಟಿದ್ದು ಚೆನ್ನಾಗಿರಲ್ಲ. ಎರಡೂ ಮಂಜುಗಡ್ಡೆಯೇ, ಆದ್ರೆ ಒಂದು ಬೇಗ ಆಗಿದ್ದು, ಇನ್ನೊಂದು ನಿಧಾನಕ್ಕೆ ಆಗಿದ್ದು. ಮಗುವಿಗೆ ತರಕಾರಿ ಬೇಕಲ್ಲ ಅಂತ ಉಪ್ಪುನೀರಿನ ಪೀಪಾಯಿಯಲ್ಲಿ ಕೋಸು ಹಾಕಿ ಅದನ್ನೂ ಗಾಳಿಗೆ ಇಟ್ಟು ನೋಡಿದ.

ಇದರ ಹಿಂದಿನ ವಿಷಯ ಇಷ್ಟು. ತರಕಾರಿ ಆಗಲಿ ಮಾಂಸ ಆಗಲಿ, ಒಳಗಿರೋದು ಹೆಚ್ಚಾಗಿ ನೀರು. ಸೊನ್ನೆಗಿಂತ ಸ್ವಲ್ಪ ಕೆಳಗೆ, ಮೈನಸ್ 1ರಿಂದ ಮೈನಸ್ 5 ಡಿಗ್ರಿ ನಡುವೆ, ಆ ನೀರಿನ ಬಹುಭಾಗ ಮಂಜಾಗುತ್ತೆ. ಆ ಪಟ್ಟಿಯನ್ನ ನಿಧಾನವಾಗಿ ದಾಟಿದ್ರೆ ಹರಳುಗಳಿಗೆ ಬೆಳೆಯೋಕೆ ಟೈಮ್ ಸಿಗುತ್ತೆ, ದೊಡ್ಡವಾಗ್ತವೆ, ಜೀವಕೋಶದ ಗೋಡೆ ಹರಿದು ಹಾಕ್ತವೆ. ಕರಗಿಸಿದಾಗ ಹರಿದ ಗೋಡೆಯಿಂದ ರಸವೆಲ್ಲ ಸೋರಿ ಹೋಗುತ್ತೆ, ಉಳಿಯೋದು ಸಪ್ಪೆ ಸ್ಪಂಜು. ಬೇಗ ದಾಟಿದ್ರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು, ಗೋಡೆಗೆ ಅಷ್ಟು ಪೆಟ್ಟಿಲ್ಲ. ನಮ್ಮ ಪ್ಯಾಟಿಗೆ ಆಗಿದ್ದೂ ಇದೇ. ಕಂಪನಿಯವರು ಬೇಗ ಹೆಪ್ಪುಗಟ್ಟಿಸಿ ಕೊಟ್ಟದ್ದನ್ನ ನಾವು ಬಸ್ಸಿನಲ್ಲಿ ಕರಗಿಸಿ, ಮನೆಯ ಫ್ರಿಜ್ಜಿನಲ್ಲಿ ರಾತ್ರಿಯೆಲ್ಲ ನಿಧಾನವಾಗಿ ಮತ್ತೆ ಹೆಪ್ಪುಗಟ್ಟಿಸೋಕೆ ಬಿಟ್ಟಿದ್ವಿ, ಅದೂ ಕರೆಂಟ್ ಹೋಗಿ ಬಂದು. ಬರ್ಡ್ಸ್‌ಐ ಲ್ಯಾಬ್ರಡಾರ್‌ನಲ್ಲಿ ಯಾವುದು ಕೆಟ್ಟದ್ದು ಅಂತ ಗುರುತಿಸಿದ್ನೋ, ಅದನ್ನೇ ನಾವು ಶ್ರದ್ಧೆಯಿಂದ ಮಾಡಿದ್ವಿ.

1917ರಲ್ಲಿ ಕುಟುಂಬ ಅಮೆರಿಕಕ್ಕೆ ವಾಪಸ್ ಬಂತು. ಕೆಲವು ವರ್ಷ ಅವನು ಮೀನು ವ್ಯಾಪಾರಿಗಳ ಸಂಘವೊಂದರಲ್ಲಿ ಕೆಲಸ ಮಾಡಿದ. ಮಂಜುಗಡ್ಡೆ ಮೇಲೆ ಹಾಕಿ ಕಳಿಸಿದ ಮೀನು ದಾರಿಯಲ್ಲೇ ಹಾಳಾಗೋದನ್ನ ಅಲ್ಲಿ ಹತ್ತಿರದಿಂದ ಕಂಡ. ಪ್ರಯೋಗಕ್ಕೆ ಕೈ ಹಾಕಿದಾಗ ಅವನ ಹತ್ತಿರ ಇದ್ದದ್ದು ಏಳು ಡಾಲರ್ ಖರ್ಚಿನ ಸಾಮಾನು ಅಂತ ಹೇಳ್ತಾರೆ. ಒಂದು ಫ್ಯಾನು, ಬಕೆಟ್ಟುಗಳಲ್ಲಿ ಉಪ್ಪುನೀರು, ಮಂಜುಗಡ್ಡೆ, ಅಷ್ಟೇ. ನಮ್ಮ ಮಿನಿ ಪ್ರಾಜೆಕ್ಟ್ ಬಜೆಟ್ ಇದಕ್ಕಿಂತ ಜಾಸ್ತಿ, ರಿಸಲ್ಟ್ ಬಗ್ಗೆ ಮಾತಾಡೋದು ಬೇಡ.

ಮುಂದೆ ನ್ಯೂಯಾರ್ಕಿನಲ್ಲಿ ಬರ್ಡ್ಸ್‌ಐ ಸೀಫುಡ್ಸ್ ಅಂತ ಕಂಪನಿ ಮಾಡಿ, ಮೈನಸ್ 43 ಡಿಗ್ರಿ ಗಾಳಿ ಬೀಸಿ ಮೀನು ಹೆಪ್ಪುಗಟ್ಟಿಸಿ ಮಾರೋಕೆ ಹೊರಟ. ತಂತ್ರ ಕೆಲಸ ಮಾಡ್ತು, ವ್ಯಾಪಾರ ಮಾಡಲಿಲ್ಲ. ಫ್ರೋಜನ್ ಅಂದ್ರೆ ಆಗಿನ ಜನಕ್ಕೆ ಹಳಸಿದ್ದು, ಕೆಟ್ಟದ್ದು ಅಂತಲೇ ಅರ್ಥ. ಅದುವರೆಗೆ ಅವರು ಕಂಡಿದ್ದೆಲ್ಲ ನಿಧಾನವಾಗಿ ಹೆಪ್ಪುಗಟ್ಟಿದ, ಕರಗಿದರೆ ನೀರು ಬಿಡೋ ಮಾಲು. 1924ರಲ್ಲಿ ಕಂಪನಿ ದಿವಾಳಿ. ಆಗ ಅವನಿಗೆ 37 ವರ್ಷ, ಹೆಂಡತಿ ಮಕ್ಕಳಿದ್ದರು, ಡಿಗ್ರಿ ಇರಲಿಲ್ಲ.

ಅದೇ ವರ್ಷ ಅವನು ಬೇರೆ ದಾರಿ ಹಿಡಿದ. ಗಾಳಿ ಬಿಟ್ಟು ಲೋಹಕ್ಕೆ ಬಂದ. ಆಹಾರವನ್ನ ಮೊದಲೇ ಚಪ್ಪಟೆ ರಟ್ಟಿನ ಡಬ್ಬಿಗೆ ತುಂಬೋದು, ಆ ಡಬ್ಬಿಯನ್ನ ಎರಡು ತಣ್ಣನೆಯ ಲೋಹದ ಮೈಗಳ ನಡುವೆ ಒತ್ತಿ ಹಿಡಿಯೋದು. ಕನ್ವೆಕ್ಷನ್ ಬದಲು ಕಂಡಕ್ಷನ್. ನಾವು ಪರೀಕ್ಷೆಗೆ ಮೂರು ಮಾರ್ಕಿನ ಪ್ರಶ್ನೆ ಅಂತ ಓದಿ ಮರೆತದ್ದು ಅವನ ಕೈಯಲ್ಲಿ ಕಾರ್ಖಾನೆ ಆಯ್ತು. 1925ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ಲೌಸ್ಟರ್ ಅನ್ನೋ ಮೀನುಗಾರರ ಊರಿಗೆ ಹೋಗಿ, ಜನರಲ್ ಸೀಫುಡ್ ಕಾರ್ಪೊರೇಷನ್ ಹೆಸರಲ್ಲಿ ಎರಡು ಸ್ಟೀಲ್ ಬೆಲ್ಟ್‌ಗಳ ಯಂತ್ರ ನಿಲ್ಲಿಸಿದ. ಬೆಲ್ಟ್ ತಣ್ಣಗಿಡೋಕೆ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು. ನಮ್ಮ ಅಡುಗೆ ಉಪ್ಪಿನ ನೀರು ಮೈನಸ್ 21ರ ಆಸುಪಾಸಿಗೆ ತಾನೇ ಗಟ್ಟಿಯಾಗಿಬಿಡುತ್ತೆ, ಇದು ಮೈನಸ್ 40ರ ಕೆಳಗೂ ಹರೀತಾ ಇರುತ್ತೆ. ಆಮೇಲೆ ಬಂದ ಹಲವು ಪ್ಲೇಟುಗಳ ಯಂತ್ರ ಇನ್ನೂ ಚಿಕ್ಕದು, ಇನ್ನೂ ಸರಳ. ಇವತ್ತಿಗೂ ಮೀನಿನ ಕಾರ್ಖಾನೆಗಳಲ್ಲಿ ಪ್ಲೇಟ್ ಫ್ರೀಜರ್ ಅಂತ ಇರೋದು ಅದರದೇ ಸಂತಾನ.

ಮೀನಿನಿಂದ ಮಾಂಸ, ಹಣ್ಣು, ತರಕಾರಿಗೆ ಬಂದಾಗ ಹೊಸ ತೊಂದರೆ. ತರಕಾರಿ ಮಂಜಾದ್ರೂ ಒಳಗಿನ ಎನ್‌ಜೈಮುಗಳು ಪೂರ್ತಿ ಸುಮ್ಮನಾಗಲ್ಲ, ನಿಧಾನವಾಗಿ ಬಣ್ಣ ರುಚಿ ಎರಡನ್ನೂ ಕೆಡಿಸ್ತವೆ. ಅದಕ್ಕೆ ಹೆಪ್ಪುಗಟ್ಟಿಸೋಕೆ ಮುಂಚೆ ಒಂದೆರಡು ನಿಮಿಷ ಬಿಸಿನೀರಿಗೆ ಹಾಕಿ ತೆಗೀಬೇಕು. ಪ್ಯಾಕೆಟ್ಟಿನ ಬಟಾಣಿ ಮನೇಲಿ ಬೇಗ ಬೇಯೋದು ಅದು ಆಗಲೇ ಒಂದು ಸಲ ಬಿಸಿ ಕಂಡಿರೋದ್ರಿಂದ.

1929ರಲ್ಲಿ ಪೋಸ್ಟಮ್ ಕಂಪನಿ ಮತ್ತು ಗೋಲ್ಡ್‌ಮನ್ ಸ್ಯಾಕ್ಸ್‌ನ ಒಂದು ಸಂಸ್ಥೆ ಸೇರಿ ಅವನ ಕಂಪನಿಯನ್ನೂ ಪೇಟೆಂಟುಗಳನ್ನೂ 2 ಕೋಟಿ 20 ಲಕ್ಷ ಡಾಲರಿಗೆ ಕೊಂಡವು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಶೇರು ಮಾರ್ಕೆಟ್ ಕುಸಿಯಿತು. ಪೋಸ್ಟಮ್ ತನ್ನ ಹೆಸರನ್ನ ಜನರಲ್ ಫುಡ್ಸ್ ಅಂತ ಬದಲಾಯಿಸಿಕೊಂಡಿತು, ಅವನ ಹೆಸರನ್ನ ಎರಡು ಪದ ಮಾಡಿ ಬ್ರಾಂಡ್ ಮಾಡಿತು. ದುಡ್ಡು ಬಂದ ಮೇಲೂ ಅವನು ಲ್ಯಾಬ್ ಬಿಡಲಿಲ್ಲ, ಅದೇ ಕಂಪನಿಯ ಸಂಶೋಧನೆಯಲ್ಲಿ ಉಳಿದ.

ಕಾಕಾಗೆ ಬೇಕಾಗಿದ್ದ ಭಾಗ ಇಲ್ಲಿಂದ ಮುಂದಿನದು, ನಾವೂ ಇದನ್ನೇ ಅವರಿಗೆ ನಿಧಾನವಾಗಿ ಹೇಳಿದ್ವಿ. 1930ರ ಮಾರ್ಚ್ 6ರಂದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ 18 ಅಂಗಡಿಗಳಲ್ಲಿ ಫ್ರೋಜನ್ ಪ್ಯಾಕೆಟ್ ಮಾರಾಟ ಶುರುವಾಯ್ತು. ಮಾಂಸ, ಮೀನು, ಬಟಾಣಿ, ಪಾಲಕ್, ಹಣ್ಣು. ಮಾಲು ರೆಡಿ ಇತ್ತು, ಯಂತ್ರ ರೆಡಿ ಇತ್ತು, ಆದ್ರೆ ಅಂಗಡಿಯವನ ಹತ್ತಿರ ಮೈನಸ್‌ನಲ್ಲಿ ಇಡೋ ಪೆಟ್ಟಿಗೆ ಇರಲಿಲ್ಲ. ಆ ಪೆಟ್ಟಿಗೆ ದುಬಾರಿ, ಕರೆಂಟ್ ಬಿಲ್ ಬೇರೆ, ಮೇಲೆ ದೇಶದಲ್ಲೆಲ್ಲ ಮಂದಿ ಕೆಲಸ ಕಳಕೊಂಡು ಕೂತಿದ್ದ ಕಾಲ. ಹೋಗುತ್ತೋ ಇಲ್ಲವೋ ಗೊತ್ತಿಲ್ಲದ ಮಾಲಿಗೆ ಯಾವ ಕಿರಾಣಿಯವನು ಸಾಲ ಮಾಡಿ ಪೆಟ್ಟಿಗೆ ತಗೋತಾನೆ? ಕಂಪನಿಯೇ ಪೆಟ್ಟಿಗೆ ಇಟ್ಟುಕೊಟ್ಟಿತು. ನಾಲ್ಕು ವರ್ಷ ಬಿಟ್ಟು, 1934ರಲ್ಲಿ, ಅಗ್ಗದ ಪೆಟ್ಟಿಗೆ ಮಾಡಿಸಿ ಅಂಗಡಿಗಳಿಗೆ ಬಾಡಿಗೆಗೆ ಕೊಡೋಕೆ ಶುರು ಮಾಡಿತು. ದೇಶದ ಉದ್ದಕ್ಕೂ ಸಾಗಿಸೋಕೆ ತಕ್ಕ ರೈಲು ಡಬ್ಬಿಗಳು ಬಂದದ್ದು 1944ರಲ್ಲಿ. ನಡುವೆ ಎರಡನೇ ಮಹಾಯುದ್ಧ ಬಂದು, ತವರ ಸೇನೆಗೆ ಹೋಗಿ ಡಬ್ಬಿ ಆಹಾರಕ್ಕೆ ಬರ ಬಿದ್ದಾಗ, ಜನ ಫ್ರೋಜನ್ ಕಡೆ ತಿರುಗಿದ್ರು.

ಹೆಪ್ಪುಗಟ್ಟಿಸೋ ಯಂತ್ರದಿಂದ ಮನೆಯ ಒಲೆವರೆಗೆ ಎಲ್ಲೂ ಕಡಿಯದ ತಂಪಿನ ಸರಪಳಿ ಬೇಕು, ಒಂದು ಕೊಂಡಿ ಕಡಿದರೂ ಹಿಂದಿನ ಕೆಲಸವೆಲ್ಲ ನೀರಪಾಲು. ಬೇಗ ಹೆಪ್ಪುಗಟ್ಟಿಸೋದನ್ನ ತಾನು ಕಂಡುಹಿಡಿದೆ ಅಂತ ಬರ್ಡ್ಸ್‌ಐ ಹೇಳಿಕೊಳ್ಳಲಿಲ್ಲ. ಇನುಯಿಟ್ ಜನ ಶತಮಾನಗಳಿಂದ ಮಾಡ್ತಿದ್ದಾರೆ, ಯೂರೋಪಿನಲ್ಲೂ ಪ್ರಯೋಗ ನಡೆದಿದ್ದವು ಅಂತ ಅವನೇ ಒಪ್ಪಿಕೊಳ್ತಿದ್ದ. ಅವನ ಕೆಲಸ ಅದನ್ನ ಡಬ್ಬಿ, ಯಂತ್ರ, ಅಂಗಡಿಗೆ ಹೊಂದಿಸಿದ್ದು. ನಮ್ಮ ಅಭಿಪ್ರಾಯ ಕೇಳಿದ್ರೆ ಅದೇ ಹೆಚ್ಚು ಕಷ್ಟದ್ದು.

ಅವನು ಒಂದು ಕಡೆ ಕೂತ ಮನುಷ್ಯ ಅಲ್ಲ. ಒಳಗೇ ಕನ್ನಡಿಯಂಥ ಲೇಪ ಇರೋ ಬಲ್ಬು, ಇನ್‌ಫ್ರಾರೆಡ್ ದೀಪ, ಹೊಡೆದಾಗ ಹಿಂದಕ್ಕೆ ಒದೆಯದ ತಿಮಿಂಗಿಲದ ಈಟಿ ಬಂದೂಕು, ಆಹಾರ ಒಣಗಿಸೋ ವಿಧಾನ, ಹೀಗೆ ಇನ್ನೂರಕ್ಕೂ ಹೆಚ್ಚು ಪೇಟೆಂಟ್. 1951ರಲ್ಲಿ ಎಲಿನಾರ್ ಜೊತೆ ಸೇರಿ ಕಾಡು ಗಿಡ ಬೆಳೆಸೋದರ ಬಗ್ಗೆ ಒಂದು ಪುಸ್ತಕ ಬರೆದ. ಊಟದ ವಿಷಯದಲ್ಲಿ ಅವನಿಗೆ ಮಡಿ ಇರಲಿಲ್ಲ, ಕೈಗೆ ಸಿಕ್ಕ ಪ್ರಾಣಿಯನ್ನೆಲ್ಲ ರುಚಿ ನೋಡೋನು. ನಾವು ತಿಂದ ವೆಜ್ ಬರ್ಗರ್ ಅವನ ಕಾಲದ್ದಲ್ಲ, ವೆಜ್‌ಬರ್ಗರ್ ಅಂತ ಹೆಸರಿಟ್ಟು ಗ್ರೆಗರಿ ಸ್ಯಾಮ್ಸ್ ಲಂಡನ್ನಿನಲ್ಲಿ ಮಾರಾಟಕ್ಕೆ ತಂದಿದ್ದು 1982ರಲ್ಲಿ, ಅದೂ ಮೊದಲು ಒಣ ಪುಡಿಯಾಗಿ. ಆದ್ರೂ ಮೊಟ್ಟೆಯೂ ಒಳಗೆ ಬರದ ಅಂಕಲಿಯ ಆ ಮನೆಯ ಅಡುಗೆಮನೆಗೆ, ಅಷ್ಟೆಲ್ಲ ತಿಂದ ಮನುಷ್ಯನ ಕೆಲಸ ಬಂದು ಮುಟ್ಟಿತ್ತು.

ಕೊನೆಯ ಕೆಲಸ ಕೇಳಿ ಕಾಕಾ ಕುರ್ಚಿ ಮುಂದಕ್ಕೆ ಎಳಕೊಂಡ್ರು. 1953ರಲ್ಲಿ ಬರ್ಡ್ಸ್‌ಐ ದಕ್ಷಿಣ ಅಮೆರಿಕದ ಪೆರುವಿಗೆ ಹೋದ, ಬಗ್ಯಾಸ್‌ನಿಂದ ಕಾಗದ ಮಾಡೋ ವಿಧಾನ ಕಂಡುಕೊಳ್ಳೋಕೆ. ಬಗ್ಯಾಸ್ ಏನು ಅಂತ ಅಂಕಲಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ರಸ ಹಿಂಡಿ ಬಿಟ್ಟ ಕಬ್ಬಿನ ಸಿಪ್ಪೆ. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳು ಅದನ್ನ ಬಾಯ್ಲರ್‌ಗೆ ಹಾಕಿ ಉಗಿ ಮಾಡ್ತವೆ, ಕರೆಂಟೂ ಮಾಡ್ತವೆ. ಅವನು ಎರಡು ವರ್ಷ ಅಲ್ಲಿದ್ದ. ಹೃದಯ ಕೈಕೊಟ್ಟಿತು, ಅಲ್ಲಿನ ಎತ್ತರದ ಜಾಗದ ಗಾಳಿಯೇ ಕಾರಣ ಅಂತ ಅವನ ನಂಬಿಕೆ. 1955ರಲ್ಲಿ ವಾಪಸ್ ಬಂದ. 1956ರ ಅಕ್ಟೋಬರ್ 7ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡ, 69 ವರ್ಷ. ಬೂದಿಯನ್ನ ಗ್ಲೌಸ್ಟರ್ ಹತ್ತಿರದ ಸಮುದ್ರದಲ್ಲಿ ಬಿಟ್ಟರು.

ಎರಡನೇ ಸಲ ನಾವು ಸಂಕ್ರಾಂತಿಗೆ ಹೋದ್ವಿ. ಈ ಸಲ ಥರ್ಮೋಕಾಲ್ ಡಬ್ಬಿ, ಒಳಗೆ ಮಂಜುಗಡ್ಡೆ, ಮೇಲೆ ಕಲ್ಲುಪ್ಪು, ಡಬ್ಬಿಯ ಬಾಯಿಗೆ ಟೇಪು. ಅಂಕಲಿಯಲ್ಲಿ ತೆಗೆದಾಗ ಪ್ಯಾಟಿ ಬೆಳಗಾವಿಯಲ್ಲಿದ್ದಷ್ಟೇ ಗಟ್ಟಿ. ಮನೆಗೆ ಹೋದ ತಕ್ಷಣ ಹಂಚು ಇಟ್ವಿ. ಕರಗಿಸೋಕೆ ಹೋಗಲಿಲ್ಲ, ಗಟ್ಟಿ ಇದ್ದಂಗೇ ಬಿಸಿ ಎಣ್ಣೆಗೆ. ಉರಿ ಜೋರು ಮಾಡೋ ಆಸೆ ಬರುತ್ತೆ, ಮಾಡಬಾರದು. ಒಂದು ಕೆಜಿ ಮಂಜು ಕರಗೋಕೇ 334 ಕಿಲೋಜೂಲ್ ಬೇಕು, ಉರಿ ಜೋರಾದ್ರೆ ಆ ಶಾಖ ನಡುಭಾಗ ಮುಟ್ಟೋಕೆ ಮುಂಚೆ ಮೇಲಿನ ರಸ್ಕ್ ಪುಡಿ ಕರಿದು ಕಪ್ಪಾಗುತ್ತೆ. ಸಣ್ಣ ಉರಿ, ಮೊದಲು ಎರಡು ನಿಮಿಷ ಮುಚ್ಚಳ, ಆಮೇಲೆ ಮುಚ್ಚಳ ತೆಗೆದು, ಕೆಳಗಿನ ಮೈ ಕೆಂಪಾಗಿ ತಾನೇ ಹಂಚು ಬಿಡೋವರೆಗೂ ಮುಟ್ಟದೇ ಇದ್ದು, ಒಂದೇ ಸಲ ಮಗುಚಿದ್ವಿ. ಮುರಿದರೆ ನಡುವಿನಲ್ಲೂ ಹಬೆ. ಬರ್ಗರ್ ಬನ್ ಊರಲ್ಲಿ ಸಿಗಲಿಲ್ಲ, ಪಾವ್ ಸಿಕ್ತು. ಒಳಗೆ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಚೆನ್ನಾಗಿತ್ತು. ವಡಾ ಪಾವ್‌ಗಿಂತ ಚೆನ್ನಾಗಿತ್ತು ಅಂತ ಹೇಳೋದಿಲ್ಲ, ಆಯಿ ಅಂತೂ ಮುಖದ ಮೇಲೆ ಹೊಡೆದಂಗೆ ವಡಾನೇ ಮೇಲು ಅಂದ್ರು.

ಕಾಕಾ ಎರಡು ತಿಂದ್ರು. ತಿಂದು ಕೈ ತೊಳೆದು, ಈಗ ಹೇಳಿ, ತಗೊಳ್ಳಲೋ ಬೇಡವೋ ಅಂದ್ರು.

ನಾವು ಹೇಳಿದ್ದು ಇಷ್ಟು. ತಗೊಂಡ್ರೆ ಮೇಲೆ ಮುಚ್ಚಳ ತೆಗೆಯೋ ಪೆಟ್ಟಿಗೆ ತಗೊಳ್ಳಿ, ಮುಂದೆ ಬಾಗಿಲು ಇರೋದು ಬೇಡ, ತಣ್ಣನೆ ಗಾಳಿ ಭಾರ, ಮುಚ್ಚಳ ತೆಗೆದ್ರೂ ಒಳಗೇ ಕೂತಿರುತ್ತೆ. ತುಂಬಿದ ಫ್ರೀಜರ್ ಮುಚ್ಚಿಟ್ಟರೆ ಕರೆಂಟ್ ಇಲ್ಲದೆಯೂ ಎರಡು ದಿನದ ಹತ್ತಿರ ತಡೆಯುತ್ತೆ, ಅರ್ಧ ತುಂಬಿದ್ದು ಒಂದು ದಿನ. ಆದ್ರೆ ಅಂಗಡಿಯಲ್ಲಿ ಯಾರು ಮುಚ್ಚಿಡ್ತಾರೆ, ಗಿರಾಕಿ ಬಂದಾಗೆಲ್ಲ ತೆಗೀಲೇಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿ ಬಂದಂಥ ವಾರ ಮತ್ತೆ ಬಂದ್ರೆ ಯಾವ ಲೆಕ್ಕವೂ ನಿಲ್ಲಲ್ಲ. ಸಾಲ ಮಾಡೋಕೆ ಮುಂಚೆ ಎರಡು ತಿಂಗಳು ಕರೆಂಟ್ ಹೋದ ಟೈಮು, ಬಂದ ಟೈಮು ಬರೆದಿಡಿ. ಆಮೇಲೆ ಸ್ಪ್ರಿಂಗ್‌ಫೀಲ್ಡಿನ ಅಂಗಡಿಯವರು ಮಾಡಿದ ಹಾಗೆ ಮಾಲು ಕೊಡೋರನ್ನೇ ಪೆಟ್ಟಿಗೆ ಕೇಳಿ.

ಕಾಕಾ ಕೇಳಿದ್ದಾರಂತೆ. ಒಂದು ಐಸ್‌ಕ್ರೀಮ್ ಕಂಪನಿಯವರು ಪೆಟ್ಟಿಗೆ ಇಡ್ತೀವಿ, ಆದ್ರೆ ಒಳಗೆ ನಮ್ಮ ಮಾಲು ಬಿಟ್ಟು ಬೇರೇನೂ ಇಡಂಗಿಲ್ಲ ಅಂದರಂತೆ. ಯುಗಾದಿವರೆಗೆ ನೋಡೋಣ ಅಂದಿದ್ದಾರೆ. ಅಂಗಡಿಯಲ್ಲಿ ಉದ್ರಿ ಬರೆಯೋ ಪುಸ್ತಕದ ಪಕ್ಕ, ಅದೇ ಮೊಳೆಗೆ, ಈಗ ಇನ್ನೊಂದು ನೂರು ಪೇಜಿನ ನೋಟ್‌ಬುಕ್ ತೂಗ್ತಾ ಇದೆ. ಮೊದಲ ಪುಟದಲ್ಲಿ ಕಾಕಾ ತಮ್ಮ ಕೈಯಲ್ಲೇ ಎರಡು ಗೆರೆ ಎಳೆದು, ಹೋತು, ಬಂತು ಅಂತ ಬರೆದಿದ್ದಾರೆ.